ಅಕ್ಷರದ ಗೆರೆ ಕಾಯುವ ಅಂಬುಜಕ್ಕ

ಬೆಳಗಿನ ಆರೂವರೆ. ಶೃಂಗೇರಿಯ ಪೇಟೆಯ ಹಿಂದಿನ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದತ್ತಮೂರ್ತಿ ಭಟ್ಟರ ಮನೆಯ ಜಗಲಿ ಪಕ್ಕದ ಕೋಣೆಯಲ್ಲಿ ಮಾತ್ರ ಕಂಪ್ಯೂಟರಿನ ಪರದೆ ಬೆಳಗುತ್ತಿದೆ. ಅದರ ಮುಂದೆ ಸ್ವೆಟರ್ ಮೇಲೊಂದು ಶಾಲು ಹೊದ್ದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೂತಿರುವವರು ಅಂಬುಜಾಕ್ಷಿ. ಕೊಪ್ಪದಿಂದ ಮೊದಲ ಬಸ್ಸು ಹಿಡಿದು ಬಂದಿದ್ದಾರೆ. ಮೌಸನ್ನು ಎರಡು ಸಲ ಒತ್ತುತ್ತಾರೆ. ಫೈಲು ತೆರೆಯುವಂತೆ ಮಾಡಿ, ಒಂದು ಕ್ಷಣ ಬೆಳ್ಳಗಾಗಿ, ಗಪ್ಪನೆ ಮುಚ್ಚಿಕೊಳ್ಳುತ್ತದೆ.

"ಹೊಸ ಕಂಪ್ಯೂಟರ್ ತಂದಾಗಿಂದ ಇದೇ ಗೋಳು ಅಂಬುಜಕ್ಕ," ಎನ್ನುತ್ತಾರೆ ಕಾಫಿ ತಂದ ಭಾರ್ಗವಿ. ಅವರು ಭಟ್ಟರ ಸೊಸೆ, ಶಾಲೆಯಲ್ಲಿ ಟೀಚರ್. "ಅಂಗಡಿಯವರಿಗೆ ಫೋನ್ ಮಾಡಿದ್ರೆ ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಿ ಕೊಡ್ತೇವೆ ಅಂತಾರೆ. ಮಾವಯ್ಯ ಆ ಮಾತು ಕೇಳಿದ ದಿನ ಊಟವನ್ನೇ ಬಿಟ್ಟರು."

ಭಟ್ಟರು ಊಟ ಬಿಡುವುದಕ್ಕೆ ಕಾರಣವಿದೆ. ತೆರೆಯಲೊಲ್ಲದ ಆ ಫೈಲಿನಲ್ಲಿ ಇರುವುದು ಅವರ ಇಪ್ಪತ್ತಾರು ವರ್ಷದ ದುಡಿಮೆ. ತಮ್ಮ ಗುರುಗಳು ಬಾಯಿಪಾಠ ಮಾಡಿಸಿದ್ದ ಮಂತ್ರಗಳನ್ನೆಲ್ಲ ಒಂದೊಂದಾಗಿ ಟೈಪ್ ಮಾಡಿ, ಯಾವ ಅಕ್ಷರವನ್ನು ಏರಿಸಬೇಕು, ಯಾವುದನ್ನು ತಗ್ಗಿಸಬೇಕು ಎಂಬ ಸ್ವರದ ಗೆರೆಗಳ ಸಮೇತ ಕೂಡಿಸಿಟ್ಟ ಸಾವಿರದ ಎಂಟುನೂರು ಪುಟ. ಕಾಗದದ ಮೇಲೆ ಅಚ್ಚಾಗಿರುವುದು ಮೊದಲ ಮುನ್ನೂರು ಪುಟ ಮಾತ್ರ. ಉಳಿದದ್ದೆಲ್ಲ ಈ ಡಬ್ಬಿಯೊಳಗಿದೆ. ಭಟ್ಟರಿಗೀಗ ಎಪ್ಪತ್ತೆಂಟು. ಎಡಗಣ್ಣು ಪೂರಾ ಹೋಗಿದೆ, ಬಲಗಣ್ಣಿಗೆ ದಿನಕ್ಕೆ ಮೂರು ಹೊತ್ತು ಔಷಧಿ ಬಿಡಬೇಕು. ಇನ್ನೊಮ್ಮೆ ಕೂತು ಬರೆಯುವ ಮಾತೇ ಇಲ್ಲ.

"ಹೋದರೆ ಹೋಯ್ತು ಅಂತ ಹೇಳೂದಕ್ಕೆ ಇದು ನನ್ನದಲ್ಲ ನೋಡಿ," ಎನ್ನುತ್ತಾರೆ ಬಾಗಿಲಿಗೊರಗಿ ನಿಂತ ಭಟ್ಟರು. "ಗುರುಗಳದ್ದು. ನನ್ನ ಕೈಯಲ್ಲಿ ಕಳೀತು ಅಂತ ಆಗಬಾರದು."

ಅಂಬುಜಾಕ್ಷಿ ಸಮಾಧಾನದ ಮಾತು ಆಡುವುದಿಲ್ಲ. ಆಡಿ ರೂಢಿಯಿಲ್ಲ. ಚೀಲದಿಂದ ಉದ್ದನೆಯ ನೋಟುಪುಸ್ತಕ ತೆಗೆದು ತಾರೀಖು ಬರೆಯುತ್ತಾರೆ, ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸುತ್ತಾರೆ.

ಇಷ್ಟು ಬೆಳಿಗ್ಗೆ ಏಕೆ ಎಂದರೆ ಅದಕ್ಕೂ ಲೆಕ್ಕಾಚಾರವಿದೆ. "ಈ ಹೊತ್ತಿಗೆ ಕರೆಂಟ್ ಗಟ್ಟಿ ಇರ್ತದೆ. ಏಳೂವರೆ ಆಯ್ತು ಅಂದ್ರೆ ಎಲ್ಲರ ಮನೆ ಮಿಕ್ಸಿ, ಪಂಪು, ಗೀಸರ್ ಶುರು. ವೋಲ್ಟೇಜ್ ಕುಣಿತದೆ. ಆಮೇಲೆ ಫಾಂಟ್ ಕೆಟ್ಟದ್ದಾ, ಕರೆಂಟ್ ಕೆಟ್ಟದ್ದಾ ಗೊತ್ತೇ ಆಗೂದಿಲ್ಲ ಮಾರಾಯ್ರೆ."

ಫಾಂಟ್ ಎಂದರೆ ಕಂಪ್ಯೂಟರಿನೊಳಗಿನ ಅಚ್ಚುಮೊಳೆ. ನಾವು ಒತ್ತಿದ ಕೀಲಿಗೆ ಪರದೆಯ ಮೇಲೆ ಯಾವ ಆಕಾರದ ಅಕ್ಷರ ಮೂಡಬೇಕು ಎಂದು ಹೇಳುವ ಸಣ್ಣ ಫೈಲು. ಸಾವಿರದಲ್ಲಿ ಒಂದು ಕೆಟ್ಟರೂ ಸಾಕು, ಕೆಲಸದ ನಡುವೆ ಕಂಪ್ಯೂಟರ್ ಮುಗ್ಗರಿಸುತ್ತದೆ. ಮನೆಯವರು ವೈರಸ್ ಎನ್ನುತ್ತಾರೆ, ಅಂಗಡಿಯವರು ಫಾರ್ಮ್ಯಾಟ್ ಎನ್ನುತ್ತಾರೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕಿನಲ್ಲಿ ಆ ಎರಡೂ ಮಾತನ್ನು ನಂಬದೆ, ಕೆಟ್ಟ ಫಾಂಟನ್ನು ಹುಡುಕಿ ಹೊರಗೆ ಹಾಕುವ ಕೆಲಸವನ್ನೇ ಕಸುಬು ಮಾಡಿಕೊಂಡವರು ಬಹುಶಃ ಅಂಬುಜಾಕ್ಷಿ ಒಬ್ಬರೇ. ಬೋರ್ಡಿಲ್ಲ, ಅಂಗಡಿಯಿಲ್ಲ. ಇರುವುದು ಒಂದು ಹಳೆಯ ಫೋನು ಮತ್ತು ಹನ್ನೊಂದು ವರ್ಷದಿಂದ ತುಂಬುತ್ತಿರುವ ನೋಟುಪುಸ್ತಕಗಳು. ಸದ್ಯ ನಾಲ್ಕನೆಯದು ನಡೆಯುತ್ತಿದೆ. ಆರುನೂರ ನಲವತ್ತಕ್ಕೂ ಹೆಚ್ಚು ಮನೆಗಳ ಹೆಸರು, ಆ ಮನೆಯ ಕಂಪ್ಯೂಟರಿನಲ್ಲಿ ಯಾವ ಫಾಂಟು ಇದೆ, ಯಾವುದು ಕೆಟ್ಟಿತ್ತು, ಎಲ್ಲ ಅದರಲ್ಲಿದೆ.

ಅಂಬುಜಾಕ್ಷಿ ನರಸಿಂಹರಾಜಪುರದವರು. ತಂದೆ ಊರಿನ ಮುದ್ರಣಾಲಯದಲ್ಲಿ ಸೀಸದ ಮೊಳೆ ಜೋಡಿಸುತ್ತಿದ್ದರು. ಕೈಯೆಲ್ಲ ಕಪ್ಪು ಮಾಡಿಕೊಂಡು ಮನೆಗೆ ಬರುತ್ತಿದ್ದ ಅಪ್ಪನಿಗೆ ಮಗಳು ಶುದ್ಧವಾದ ಕೆಲಸಕ್ಕೆ ಹೋಗಲಿ ಎಂಬ ಆಸೆ. ಮದುವೆಯಾಗಿ ಕೊಪ್ಪಕ್ಕೆ ಬಂದ ಅಂಬುಜಾಕ್ಷಿ 1996ರಲ್ಲಿ ಸುಬ್ಬರಾಯರ ಪ್ರೆಸ್ಸು ಸೇರಿದರು. ಮೊಳೆಯಿರಲಿಲ್ಲ, ಮಸಿಯಿರಲಿಲ್ಲ, ಕಂಪ್ಯೂಟರಿತ್ತು. ಲಗ್ನಪತ್ರಿಕೆ, ಸೊಸೈಟಿಯ ವಾರ್ಷಿಕ ವರದಿ, ವೈಕುಂಠ ಸಮಾರಾಧನೆಯ ಕಾರ್ಡು, ಎಲ್ಲ ಅವರ ಬೆರಳ ಕೆಳಗೇ ಹಾದುಹೋಗುತ್ತಿತ್ತು. "ಕೊಪ್ಪದಲ್ಲಿ ಯಾರ ಮನೇಲಿ ಮದುವೆ ಅಂತ ಮದುಮಗಳ ಸೋದರಮಾವಂಗಿಂತ ಮೊದಲು ನಂಗೆ ಗೊತ್ತಾಗ್ತಿತ್ತು," ಎಂದು ನಗುತ್ತಾರೆ.

ಹದಿನೆಂಟು ವರ್ಷದ ಮೇಲೆ ಪ್ರೆಸ್ಸು ಮುಚ್ಚಿತು. ಸುಬ್ಬರಾಯರು ತೀರಿಕೊಂಡರು, ಯಂತ್ರಗಳು ಗುಜರಿಗೆ ಹೋದವು. ಅಂಬುಜಾಕ್ಷಿ ನಾಲ್ಕು ತಿಂಗಳು ಮನೆಯಲ್ಲಿ ಸುಮ್ಮನೆ ಕೂತರು. ಒಂದು ದಿನ ಪ್ರೆಸ್ಸಿನ ಹಳೆಯ ಗಿರಾಕಿಯೊಬ್ಬರು ಬಾಳೆಹೊನ್ನೂರಿನಿಂದ ಫೋನ್ ಮಾಡಿ, ಟೈಪ್ ಮಾಡಲು ಹೋದರೆ ಕಂಪ್ಯೂಟರ್ ಸತ್ತುಹೋಗುತ್ತದೆ ಎಂದು ಗೋಳಾಡಿದರು. ಹೋಗಿ ನೋಡಿದರು, ಸರಿಮಾಡಿದರು. ಆ ಸುದ್ದಿ ಬಸ್ಸು ಹತ್ತಿ ಮೂರೂ ತಾಲ್ಲೂಕು ತಿರುಗಿತು. ಆದರೂ ಇವತ್ತಿಗೂ ಬಾಗಿಲು ತೆರೆದ ಕೆಲವರು ಇವರ ಬೆನ್ನ ಹಿಂದೆ ಇಣುಕಿ, ರಿಪೇರಿಯವರು ಎಲ್ಲಿ ಎಂದು ಕೇಳುವುದುಂಟು. "ಬರ್ತಾರೆ, ಅಲ್ಲಿವರೆಗೆ ನಾ ನೋಡ್ತಿರ್ತೇನೆ ಅಂತ ಹೇಳಿ ಒಳಗೆ ಹೋಗಿಬಿಡೂದು. ಕೆಲಸ ಮುಗಿದ ಮೇಲೆ ಅವರಿಗೇ ನಾಚಿಕೆ ಆಗ್ತದೆ."

ಕರೆ ಬಂದ ದಿನ ಎರಡು ಮನೆ, ಹೆಚ್ಚೆಂದರೆ ಮೂರು. ಅದಕ್ಕಿಂತ ಹೆಚ್ಚು ಬಸ್ಸುಗಳು ಬಿಡುವುದಿಲ್ಲ. ಕೆಲಸದ ದಾರಿ ಸರಳ. ಫಾಂಟುಗಳನ್ನು ಎರಡು ಪಾಲು ಮಾಡುವುದು. ಒಂದು ಪಾಲನ್ನು ಹೊರಗಿಟ್ಟು ನೋಡುವುದು. ಕಂಪ್ಯೂಟರ್ ಸರಿಯಾಗಿ ನಡೆದರೆ ಕಳ್ಳ ಹೊರಗಿನ ಪಾಲಿನಲ್ಲಿದ್ದಾನೆ, ಮುಗ್ಗರಿಸಿದರೆ ಒಳಗಿದ್ದಾನೆ. ಆ ಪಾಲನ್ನು ಮತ್ತೆ ಎರಡು ಮಾಡುವುದು. ಸಾವಿರ ಫಾಂಟಿದ್ದರೂ ಹತ್ತು ಸಲ ಪಾಲು ಮಾಡುವಷ್ಟರಲ್ಲಿ ಒಂದೇ ಒಂದು ಉಳಿಯುತ್ತದೆ. ಕೇಳಲು ಸುಲಭ. ಪ್ರತಿ ಸಲ ಕಂಪ್ಯೂಟರ್ ಆರಿಸಿ, ಹಚ್ಚಿ, ಕಾದು, ತೆರೆದು ನೋಡುವುದಕ್ಕೆ ಬೇಕಾದದ್ದು ತಾಳ್ಮೆ, ಜೊತೆಗೆ ಮನೆಯವರ ಬಾಯಿಂದ ಬರುವ ಪುಕ್ಕಟೆ ಸಲಹೆಗಳನ್ನು ಕೇಳಿಯೂ ಕೇಳದಂತಿರುವ ಕಿವಿ.

ಅದಕ್ಕಿಂತ ಕಷ್ಟದ್ದು ಸಿಕ್ಕಿದ ಕಳ್ಳನನ್ನು ಓಡಿಸುವುದು. ಕಾಗದಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ಇವರು. ಅಕ್ಷರವನ್ನು ಅಳಿಸಿ ಎಂದರೆ ಒಪ್ಪುತ್ತಾರೆಯೇ? ಸೀತೂರಿನ ಭೈರಮ್ಮ ಮಹಿಳಾ ಸಂಘದ ನಡಾವಳಿ ಬರೆಯುವವರು. ಯಾರೋ ನೆಂಟರು ಮದುವೆಗೆ ಬಂದಾಗ ಕೊಟ್ಟ ಸಿ.ಡಿ.ಯಿಂದ ಸಾವಿರದ ಮುನ್ನೂರು ಫಾಂಟು ತುಂಬಿಸಿಕೊಂಡಿದ್ದರು. ಬಳಸುತ್ತಿದ್ದದ್ದು ಒಂದು. ಆದರೂ ಡಿಲೀಟ್ ಎಂಬ ಮಾತು ಕೇಳಿದ್ದೇ ಭೈರಮ್ಮ ಮೌಸಿನ ಮೇಲೆ ಕೈ ಇಟ್ಟುಬಿಟ್ಟರು. "ಸರಸ್ವತಿ ಅಲ್ವನೇ ಅದು? ಬಿಸಾಕೂದು ಅಂದ್ರೆ ಎಂತ?" ಎಂದು ಜಗಳಕ್ಕೇ ನಿಂತರು.

ಅಂದೇ ಅಂಬುಜಾಕ್ಷಿ ಒಂದು ಉಪಾಯ ಕಂಡುಕೊಂಡರು. ಈಗ ಅವರು ಯಾರ ಮನೆಯಲ್ಲೂ ಏನನ್ನೂ ಅಳಿಸುವುದಿಲ್ಲ. ಕಂಪ್ಯೂಟರಿನ ಒಂದು ಮೂಲೆಯಲ್ಲಿ ‘ಅಟ್ಟ’ ಎಂಬ ಫೋಲ್ಡರ್ ಮಾಡಿ, ಬೇಡದ ಫಾಂಟುಗಳನ್ನೆಲ್ಲ ಅಲ್ಲಿಗೆ ಸಾಗಿಸುತ್ತಾರೆ. ಒಡೆದ ಕೊಡಪಾನವನ್ನೂ ಅಟ್ಟದ ಮೇಲಿಡುವ ಮನೆಗಳಿಗೆ ಇದು ತಕ್ಷಣ ಅರ್ಥವಾಯಿತು. ಭೈರಮ್ಮನ ಕಂಪ್ಯೂಟರ್ ಅಂದಿನಿಂದ ಒಮ್ಮೆಯೂ ನಿಂತಿಲ್ಲ, ಅವರ ಸರಸ್ವತಿಯೂ ಅಟ್ಟದ ಮೇಲೆ ಸುಖವಾಗಿದ್ದಾಳೆ.

ಶೃಂಗೇರಿಯ ಕೋಣೆಯಲ್ಲಿ ಈಗ ಏಳು ಗಂಟೆ. ಭಟ್ಟರ ಪುಟ ಕಟ್ಟುವ ಪ್ರೋಗ್ರಾಮು ತನ್ನದೇ ಒಂದು ಫೋಲ್ಡರಿನಲ್ಲಿ ನಾನೂರ ಹನ್ನೆರಡು ಫಾಂಟು ಇಟ್ಟುಕೊಂಡಿದೆ. ಅಂಬುಜಾಕ್ಷಿ ಎರಡು ಪಾಲು ಮಾಡುತ್ತಾರೆ. ಮೊದಲ ಪಾಲು ಒಳಗಿಟ್ಟರೆ ಫೈಲು ಮುಚ್ಚಿಕೊಳ್ಳುತ್ತದೆ. ಅದನ್ನು ತೆಗೆದು ಎರಡನೆಯ ಪಾಲು ಇಡುತ್ತಾರೆ. ಆಗಲೂ ಮುಚ್ಚಿಕೊಳ್ಳುತ್ತದೆ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಾರೆ. ಹನ್ನೊಂದು ವರ್ಷದಲ್ಲಿ ಎರಡೂ ಪಾಲಿನಲ್ಲಿ ಕಳ್ಳ ಇದ್ದದ್ದು ಇದೇ ಮೊದಲು.

ಎಲ್ಲ ಫಾಂಟುಗಳನ್ನೂ ಅಟ್ಟಕ್ಕೆ ಹಾಕಿ ನೋಡುತ್ತಾರೆ. ಫೈಲು ತೆರೆಯುತ್ತದೆ. ಆದರೆ ಪುಟದ ತುಂಬ ಕನ್ನಡವೇ ಇಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಾಗೆಕಾಲು ಗುಬ್ಬಿಕಾಲು. ಭಾರ್ಗವಿ ಉಸಿರೆಳೆದುಕೊಂಡು ಮಾವನತ್ತ ನೋಡುತ್ತಾರೆ. ಭಟ್ಟರಿಗೆ ಪರದೆ ಅಷ್ಟು ದೂರದಿಂದ ಕಾಣುವುದಿಲ್ಲ. "ತೆರೀತಾ?" ಎಂದು ಕೇಳುತ್ತಾರೆ. ಅಂಬುಜಾಕ್ಷಿ ಫೈಲನ್ನು ಮುಚ್ಚುತ್ತಾರೆ.

ಇಲ್ಲಿ ಒಂದು ಮಾತು ಹೇಳಬೇಕು. ಈ ಪುಟಗಳನ್ನು ಬೇರೆ ಫಾಂಟಿಗೆ ಬದಲಿಸಿಕೊಂಡರಾಗದೇ ಎಂದರೆ, ಅಕ್ಷರವೇನೋ ಬಂದೀತು, ಸ್ವರದ ಗೆರೆಗಳು ಉದುರಿಹೋಗುತ್ತವೆ. ಅಕ್ಷರದ ಕೆಳಗೊಂದು ಅಡ್ಡಗೆರೆ, ಮೇಲೊಂದು ನಿಂತ ಗೆರೆ, ಇವು ಯಾವ ಕೀಲಿಯಲ್ಲಿವೆ ಎಂಬುದು ಭಟ್ಟರು ಬಳಸಿದ ಆ ಒಂದು ಫಾಂಟಿಗೆ ಮಾತ್ರ ಗೊತ್ತು. ಅದರ ಹೆಸರು ‘ಸುಬ್ಬರಾಯ ಸ್ವರ’. ಕೊಪ್ಪದ ಅದೇ ಪ್ರೆಸ್ಸಿನಲ್ಲಿ 1999ರಲ್ಲಿ ತಯಾರಾದದ್ದು. ಹೆಸರು ಧಣಿಯದ್ದು. ನಾಲ್ಕು ತಿಂಗಳು ಮೌಸು ಹಿಡಿದು, ಪ್ರತಿ ಅಕ್ಷರದ ಅಗಲ ಅಳೆದು, ಒಂದೊಂದೇ ಗೆರೆ ಎಳೆದವರು ಅಂಬುಜಾಕ್ಷಿ. ಇದನ್ನು ಅವರು ಭಟ್ಟರಿಗೆ ಎಂದೂ ಹೇಳಿಲ್ಲ. ಕೇಳಲಿಲ್ಲ, ಹೇಳಲಿಲ್ಲ, ಅಷ್ಟೇ.

ಆದ್ದರಿಂದ ಈ ಬೆಳಿಗ್ಗೆ ಅವರ ಎದೆಯಲ್ಲಿ ಎರಡು ಭಯ. ಒಂದು, ಮುದುಕರ ಪುಟಗಳು. ಇನ್ನೊಂದನ್ನು ಬಾಯಿಬಿಟ್ಟು ಹೇಳಿಕೊಂಡದ್ದು ಆಮೇಲೆ: "ನಾ ಎಳೆದದ್ದರಲ್ಲೇ ತಪ್ಪಿತ್ತಾ? ಇಷ್ಟು ವರ್ಷ ಅಡಗಿ ಕೂತು ಈಗ ಎದ್ದು ಬಂತಾ?" ಅವರ ಹತ್ತಿರ ಬೇರೆ ಪ್ರತಿಯೂ ಇಲ್ಲ. ಇದ್ದ ಒಂದೇ ಸಿ.ಡಿ. ಆರು ಮಳೆಗಾಲ ಕಂಡು ಬೂಷ್ಟು ಹಿಡಿದು ಹಾಳಾಯಿತು. ಭಟ್ಟರ ಹಳೆಯ ಕಂಪ್ಯೂಟರನ್ನು ಅಂಗಡಿಯವರು ಬದಲಿಗೆ ಒಯ್ದು, ಅದರಲ್ಲಿದ್ದದ್ದನ್ನೆಲ್ಲ ಅಳಿಸಿಹಾಕಿದ್ದಾರೆ.

ಅಟ್ಟಕ್ಕೆ ಹಾಕಿದ ಫಾಂಟುಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಓದುತ್ತ ಹೋದ ಅಂಬುಜಾಕ್ಷಿಯ ಕಣ್ಣು ಒಂದು ಕಡೆ ನಿಲ್ಲುತ್ತದೆ. ಅಶ್ವಿನಿ. ಇನ್ನೊಂದು ಕಡೆ ಭರಣಿ. ಚಿತ್ತಾ. ಹಸ್ತ. ಇಂಥ ಹೆಸರಿನ ಫಾಂಟುಗಳನ್ನು ಅವರು ಯಾವ ಮನೆಯಲ್ಲೂ ಕಂಡಿಲ್ಲ. ಹುಡುಕಿ ಒಟ್ಟುಮಾಡುತ್ತಾರೆ. ಇಪ್ಪತ್ತೇಳು.

"ಭಟ್ರೆ, ಈ ನಕ್ಷತ್ರ ಎಲ್ಲ ಎಂತದು?"

ಭಟ್ಟರ ಮುಖದಲ್ಲಿ ಮೊದಲ ಸಲ ಸ್ವಲ್ಪ ಕಳೆ ಬರುತ್ತದೆ. "ಅದಾ? ಅದು ನನ್ನ ಏರ್ಪಾಡು. ಗ್ರಂಥಕ್ಕೆ ಒಂದೇ ಪ್ರತಿ ಇರಬಾರದು ಅಂತ ಹಿರಿಯರ ಮಾತು. ಹಾಗಾಗಿ ಪ್ರತಿ ವರ್ಷ ಉಪಾಕರ್ಮದ ದಿನ ಜನಿವಾರ ಬದಲಿಸಿದ ಮೇಲೆ, ಈ ಅಕ್ಷರದ ಫೈಲಿಗೂ ಒಂದು ಹೊಸ ಪ್ರತಿ ಮಾಡಿ ಅಲ್ಲೇ ಪಕ್ಕದಲ್ಲಿ ಇಡ್ತಾ ಬಂದೆ. ಮೂಲದ್ದೇ ಅಶ್ವಿನಿ, ಆಮೇಲೆ ವರ್ಷಕ್ಕೊಂದು ನಕ್ಷತ್ರ. ಹೋದ ಉಪಾಕರ್ಮಕ್ಕೆ ರೇವತಿ ಬಂದು ಇಪ್ಪತ್ತೇಳೂ ಪೂರ್ತಿ ಆಯ್ತು."

ಅಂಬುಜಾಕ್ಷಿ ಹಣೆಗೆ ಕೈ ಹಚ್ಚಿಕೊಳ್ಳುತ್ತಾರೆ. "ಅಯ್ಯೋ ಮಾರಾಯ್ರೆ! ಹೊರಗಿನ ಹೆಸರು ಬೇರೆ ಬೇರೆ, ಒಳಗಿನ ಹೆಸರು ಎಲ್ಲದಕ್ಕೂ ಒಂದೇ. ‘ಸುಬ್ಬರಾಯ ಸ್ವರ’ ಬಾ ಅಂತ ಕರೆದ್ರೆ ಇಪ್ಪತ್ತೇಳು ಜನ ಒಟ್ಟಿಗೆ ಎದ್ದು ನಿಲ್ತಾರೆ. ಕಂಪ್ಯೂಟರ್ ಎಂತ ಮಾಡಬೇಕು ಪಾಪ?"

ಹಳೆಯ ಕಂಪ್ಯೂಟರ್ ಹೇಗೋ ಇವರನ್ನೆಲ್ಲ ಸಾಕಿಕೊಂಡಿತ್ತು. ಅದರ ಡಿಸ್ಕು ಕೊನೆಕೊನೆಗೆ ಹುಳುಕಾಗಿತ್ತು. ಅಂಗಡಿಯಲ್ಲಿ ಹೊಸದಕ್ಕೆ ಸಾಗಿಸುವಾಗ ಹಲವು ಪ್ರತಿಗಳು ಒಳಗೊಳಗೇ ತುಂಡಾಗಿರಬೇಕು ಎಂಬುದು ಅಂಬುಜಾಕ್ಷಿಯ ಊಹೆ. ಉಳಿದ ಎಲ್ಲ ಫಾಂಟುಗಳನ್ನು ಒಳಗೆ ಹಾಕಿ ನೋಡುತ್ತಾರೆ. ಕಂಪ್ಯೂಟರ್ ಚೆನ್ನಾಗಿಯೇ ನಡೆಯುತ್ತದೆ. ಹಾಗಾದರೆ ತೊಂದರೆ ಇರುವುದು ಇಪ್ಪತ್ತೇಳರಲ್ಲೇ, ಬೇಕಾಗಿರುವುದೂ ಅದೇ ಇಪ್ಪತ್ತೇಳರಲ್ಲಿ ಗಟ್ಟಿಯಾಗಿ ಉಳಿದ ಒಂದು. ಉಳಿದಿದ್ದರೆ.

ಇನ್ನು ಪಾಲು ಮಾಡುವ ಪ್ರಶ್ನೆಯಿಲ್ಲ. ಒಂದೊಂದನ್ನೇ ಒಳಗೆ ಬಿಟ್ಟು ನೋಡಬೇಕು. ಭಟ್ಟರು ಕುರ್ಚಿ ಎಳೆದುಕೊಂಡು ಕೂತು, ಕಣ್ಣು ಮುಚ್ಚಿ ಕ್ರಮವಾಗಿ ಹೆಸರು ಹೇಳುತ್ತಾರೆ. ಭಾರ್ಗವಿ ಶಾಲೆಗೆ ತಡವಾಗುವುದನ್ನೂ ಮರೆತು ಕಾಗದದ ಮೇಲೆ ಗುರುತು ಹಾಕುತ್ತಾರೆ. ಅಶ್ವಿನಿ, ಮುಚ್ಚಿಕೊಂಡಿತು. ಭರಣಿ, ಮುಚ್ಚಿಕೊಂಡಿತು. ಕೃತ್ತಿಕಾ, ರೋಹಿಣಿ, ಮೃಗಶಿರ. ಪ್ರತಿಯೊಂದಕ್ಕೂ ಎರಡು ನಿಮಿಷ. ಆಶ್ಲೇಷಾ ಬಂದಾಗ ಭಟ್ಟರು ಅದರ ಮೇಲೆ ತಮಗೇನೂ ಭರವಸೆಯಿಲ್ಲ ಎಂದು ಮೊದಲೇ ಹೇಳಿಬಿಡುತ್ತಾರೆ. ಸ್ವಾತಿ ತೆರೆಯುತ್ತದೆ, ಆದರೆ ಅರ್ಧ ಅಕ್ಷರಗಳ ಜಾಗದಲ್ಲಿ ಬರೀ ಚೌಕ. ಜ್ಯೇಷ್ಠಾ ಮುಗಿಯುವ ಹೊತ್ತಿಗೆ ಪಕ್ಕದ ಮನೆಯ ಮಿಕ್ಸಿ ಶುರುವಾಗುತ್ತದೆ, ಕೋಣೆಯ ದೀಪ ಒಮ್ಮೆ ಮಂಕಾಗುತ್ತದೆ. ಭಟ್ಟರ ದನಿ ಸಣ್ಣದಾಗುತ್ತ ಬರುತ್ತದೆ.

"ಉತ್ತರಾಷಾಢ," ಎನ್ನುತ್ತಾರೆ. ಮುಚ್ಚಿಕೊಳ್ಳುತ್ತದೆ.

"ಶ್ರವಣ."

ಫೈಲು ಬೆಳ್ಳಗಾಗುತ್ತದೆ. ಅಂಬುಜಾಕ್ಷಿಯ ಬೆರಳು ಮೌಸಿನ ಮೇಲೇ ಇದೆ. ಬಿಳಿಯ ಮೇಲೆ ಒಂದು ಸಾಲು ಮೂಡುತ್ತದೆ, ಇನ್ನೊಂದು, ಆಮೇಲೆ ಇಡೀ ಪುಟ. ದಪ್ಪ ದಪ್ಪ ಕನ್ನಡ ಅಕ್ಷರ. ಕೆಳಗೆ ಅಡ್ಡಗೆರೆ, ಮೇಲೆ ನಿಂತ ಗೆರೆ, ಇರಬೇಕಾದಲ್ಲೇ ಇವೆ. ಅವರು ಪುಟ ಜಾರಿಸುತ್ತಾರೆ. ನೂರು, ಐನೂರು, ಸಾವಿರದ ಇನ್ನೂರು. ಎಲ್ಲೂ ನಿಲ್ಲುವುದಿಲ್ಲ.

ಭಾರ್ಗವಿ ಅಲ್ಲೇ ನೆಲಕ್ಕೆ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಅಕ್ಷರವನ್ನು ಆದಷ್ಟು ದೊಡ್ಡದು ಮಾಡಿಕೊಟ್ಟ ಮೇಲೆ ಭಟ್ಟರು ಬಲಗಣ್ಣನ್ನು ಪರದೆಗೆ ತಾಗುವಷ್ಟು ಹತ್ತಿರ ತಂದು ಒಂದು ಸಾಲು ಓದುತ್ತಾರೆ. ಮೊದಲು ಮನಸ್ಸಿನೊಳಗೆ, ಆಮೇಲೆ ಗೆರೆ ನೋಡಿ ನೋಡಿ ಏರಿಸಿ ಇಳಿಸಿ ಗಟ್ಟಿಯಾಗಿ. ಓದು ಮುಗಿಸಿ ಕುರ್ಚಿಗೊರಗಿದ ಅವರು ಬಹಳ ಹೊತ್ತು ನಗುತ್ತಲೇ ಇರುತ್ತಾರೆ. ತಿಂಗಳ ಮೇಲೆ ಮಾವಯ್ಯ ನಕ್ಕದ್ದು ಎಂದು ಭಾರ್ಗವಿ ಹೇಳುತ್ತಾರೆ.

"ಶ್ರವಣ ಅಂದ್ರೆ ಕೊರೊನಾ ವರ್ಷದ್ದು," ಭಟ್ಟರು ನೆನಪಿಸಿಕೊಳ್ಳುತ್ತಾರೆ. "ಆ ಸಲ ಉಪಾಕರ್ಮಕ್ಕೆ ಯಾರೂ ಬರುವ ಹಾಗಿರಲಿಲ್ಲ. ಒಬ್ಬನೇ ಕೂತು ಮಾಡಿದ್ದೆ. ನಮ್ಮ ಉಪಾಕರ್ಮದ ನಕ್ಷತ್ರವೂ ಅದೇ ಅಲ್ವಾ? ಅದೇ ಕೈ ಹಿಡೀತು ನೋಡಿ."

ಅಂಬುಜಾಕ್ಷಿ ಉಳಿದ ಇಪ್ಪತ್ತಾರನ್ನೂ ಅಟ್ಟದಲ್ಲೇ ಬಿಡುತ್ತಾರೆ. ಫೈಲಿನ ಎರಡು ಪ್ರತಿ ಬೇರೆ ಬೇರೆ ಪೆನ್‌ಡ್ರೈವಿಗೆ ಹಾಕುತ್ತಾರೆ. ಮುದ್ರಣಕ್ಕೆ ಕೊಡಲು ಅನುಕೂಲವಾಗಲೆಂದು ಸಾವಿರದ ಎಂಟುನೂರು ಪುಟವನ್ನೂ ಇನ್ನು ಫಾಂಟೇ ಬೇಡದ ಹಾಗೆ ಪಿ.ಡಿ.ಎಫ್. ಮಾಡಿಡುತ್ತಾರೆ. ಅದಕ್ಕೆ ಮೊದಲು ಅವರು ಕೀಲಿಗಳನ್ನು ಒತ್ತಿ ಗೆರೆಗಳನ್ನು ಪರೀಕ್ಷಿಸಿದ್ದು ಕಂಡ ಭಾರ್ಗವಿಗೆ ಒಂದು ಅನುಮಾನ. ಯಾವ ಗೆರೆ ಯಾವ ಕೀಲಿಯಲ್ಲಿದೆ ಎಂಬುದು ಒಮ್ಮೆಯೂ ಹುಡುಕದೆ ಇವರಿಗೆ ಹೇಗೆ ಗೊತ್ತು?

"ಎಳೆದದ್ದು ನಾನೇ ಅಲ್ವಾ," ಎನ್ನುತ್ತಾರೆ ಅಂಬುಜಾಕ್ಷಿ ಪರದೆಯಿಂದ ಕಣ್ಣು ತೆಗೆಯದೆ.

ಭಟ್ಟರು ಎದ್ದು ನಿಲ್ಲುತ್ತಾರೆ. "ಇಪ್ಪತ್ತಾರು ವರ್ಷ ನಾನು ಸುಬ್ಬರಾಯರಿಗೆ ಕೈಮುಗಿದು ಟೈಪ್ ಮಾಡಲು ಕೂತೆನಲ್ಲ ಅಂಬುಜಮ್ಮ! ಒಂದು ಮಾತು ಹೇಳಬಾರದಿತ್ತಾ?"

"ಅವರ ಪ್ರೆಸ್ಸು, ಅವರ ಕರೆಂಟು. ಮುಗಿದದ್ದೆಲ್ಲ ಇರಲಿ ಬಿಡಿ," ಎನ್ನುತ್ತಾರೆ ಇವರು. ಪುಸ್ತಕದಲ್ಲಿ ಹೆಸರು ಹಾಕಿಸುತ್ತೇನೆ ಎಂದು ಭಟ್ಟರು ಪಟ್ಟು ಹಿಡಿದಾಗ ಮಾತ್ರ ಅಂಬುಜಾಕ್ಷಿ ಕುರ್ಚಿ ತಿರುಗಿಸಿ ಕೂರುತ್ತಾರೆ. "ಹೆಸರು ಬೇಡ. ಒಂದು ಕೇಳ್ತೇನೆ. ನಿಮ್ಮ ಅಜ್ಜ ಗ್ರಂಥಕ್ಕೆ ಪ್ರತಿ ಮಾಡಿ ಎಲ್ಲಿ ಇಡ್ತಿದ್ರು?"

"ಒಂದು ನಮ್ಮಲ್ಲಿ, ಒಂದು ಬೇಗಾರಿನಲ್ಲಿ, ಒಂದು ಕೊಪ್ಪದ ಕಡೆ. ಒಂದು ಮನೆಗೆ ಬೆಂಕಿ ಬಿದ್ದರೂ ಇನ್ನೊಂದರಲ್ಲಿ ಉಳೀಲಿ ಅಂತ."

"ಮತ್ತೆ ನೀವು ಇಪ್ಪತ್ತೇಳನ್ನೂ ಒಂದೇ ಪೆಟ್ಟಿಗೇಲಿ ಇಟ್ರಲ್ಲ!"

ಭಟ್ಟರು ಮತ್ತೆ ನಗುತ್ತಾರೆ. ಅಂಬುಜಾಕ್ಷಿಯ ಬೇಡಿಕೆ ಇಷ್ಟೇ. ಶ್ರವಣದಿಂದ ಹೊಸದಾಗಿ ಇಪ್ಪತ್ತೇಳು ಪ್ರತಿ ಮಾಡುವುದು, ಒಂದು ಮನೆಗೆ ಒಂದೇ ಒಂದರಂತೆ ಇಪ್ಪತ್ತೇಳು ಮನೆಗೆ ಕೊಡುವುದು. ಭಟ್ಟರಲ್ಲಿ ಪಾಠ ಹೇಳಿಸಿಕೊಂಡವರು ಮೂರೂ ತಾಲ್ಲೂಕಿನಲ್ಲಿದ್ದಾರೆ. ಹೆಸರು ಹೇಳಿದರೆ ಸಾಕು, ಕೆಲಸಕ್ಕೆ ಹೋಗುವ ದಾರಿಯಲ್ಲಿ ಇವರೇ ಹಾಕಿ ಬರುತ್ತಾರೆ. ನೋಟುಪುಸ್ತಕದ ಹೊಸ ಪುಟ ತೆರೆದು ಪೆನ್ನು ಹಿಡಿಯುತ್ತಾರೆ.

"ಬರ್ಕೊಳ್ಳಿ," ಎನ್ನುತ್ತಾರೆ ಭಟ್ಟರು. "ಮೊದಲನೇದು ಅಶ್ವಿನಿ. ಅದು ಕೊಪ್ಪಕ್ಕೆ, ಅಂಬುಜಾಕ್ಷಿಯವರ ಮನೆಗೆ."

ಪೆನ್ನು ನಿಂತುಹೋಗುತ್ತದೆ. ಎಳೆದವರ ಮನೆಯಲ್ಲೇ ಇಲ್ಲದಿದ್ದರೆ ಹೇಗೆ ಎಂದು ಭಟ್ಟರು ಕೇಳುತ್ತಾರೆ. ಅಂಬುಜಾಕ್ಷಿ ತಲೆ ತಗ್ಗಿಸಿ ತಮ್ಮ ಹೆಸರನ್ನು ತಾವೇ ಬರೆದುಕೊಳ್ಳುತ್ತಾರೆ. ನಾಲ್ಕು ಪುಸ್ತಕಗಳ ಆರುನೂರು ಚಿಲ್ಲರೆ ಮನೆಗಳ ನಡುವೆ ಅವರ ಮನೆಯ ಹೆಸರು ಬಂದದ್ದು ಇದೇ ಮೊದಲು.

ಒಂಬತ್ತೂವರೆಯ ಬಸ್ಸಿಗೆ ಅವರು ಬೇಗಾರಿನ ಕಡೆ ಹೊರಡಬೇಕು, ಅಲ್ಲೊಂದು ಮನೆಯಲ್ಲಿ ಕಂಪ್ಯೂಟರ್ ಕೈಕೊಟ್ಟಿದೆಯಂತೆ. ನಿಲ್ದಾಣದಲ್ಲಿ ನಿಂತಾಗ ಚೀಲದೊಳಗೆ ಕೈ ಹಾಕಿ, ಬೂಷ್ಟು ಹಿಡಿಯದಂತೆ ತಿಂಡಿಡಬ್ಬಿಯಲ್ಲಿ ಭದ್ರವಾಗಿಟ್ಟ, ಫಾಂಟಿನ ಪ್ರತಿಯಿರುವ ಪೆನ್‌ಡ್ರೈವನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಾರೆ. ಬೆಳಗಿನ ಆ ಎರಡನೆಯ ಭಯವನ್ನು ಜೊತೆಗೆ ಬಂದ ನನ್ನ ಹತ್ತಿರ ಹೇಳಿಕೊಳ್ಳುವುದು ಆಗಲೇ. ಬಸ್ಸು ಬಂದು, ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು ತಿರುಗಿ ಹೇಳುತ್ತಾರೆ:

"ಕೆಟ್ಟದ್ದು ಡಿಸ್ಕು ಮಾರಾಯ್ರೆ. ಗೆರೆ ನಾನು ಸರಿಯಾಗೇ ಎಳೆದಿದ್ದೆ."